ಮೆನುವಿನಲ್ಲಿ ಈಗಿನ ಪುಟ ಎದ್ದು ಕಾಣಬೇಕು: ಮೂರು ದಾರಿ ಹಿಡಿದು ನೋಡಿದೆ

ಮುಖಪುಟ, ಪರಿಚಯ, ಪುಸ್ತಕಗಳು, ಕಾರ್ಯಕ್ರಮ, ಸಂಪರ್ಕ. ಇಷ್ಟೇ ಪುಟಗಳಿರುವ ಒಂದು ಚಿಕ್ಕ ಕನ್ನಡ ಸೈಟು. ಓದುವವರು ಯಾವ ಪುಟದಲ್ಲಿದ್ದಾರೋ ಆ ಲಿಂಕ್ ಮೆನುವಿನಲ್ಲಿ ಬೇರೆಯಾಗಿ ಕಾಣಬೇಕು. ಕೇಳೋಕೆ ಸುಲಭ, ಅಲ್ವಾ?

ಪುಟದಲ್ಲಿ ಕಾಣುವುದನ್ನೆಲ್ಲ ಒಳಗಿಟ್ಟುಕೊಳ್ಳುವ ಬಾಡಿ ಟ್ಯಾಗಿಗೆ ಐಡಿ ಕೊಡುವುದು ಹಳೆಯ ದಾರಿ. ಪ್ರತಿ ಪುಟದ ಬಾಡಿಗೆ ಬೇರೆ ಐಡಿ, ಪ್ರತಿ ಲಿಂಕಿಗೆ ಬೇರೆ ಕ್ಲಾಸ್; ಎರಡೂ ಕೋಡಿನಲ್ಲಿ ಅಂಟಿಸುವ ಗುರುತುಚೀಟಿಗಳು. ಎರಡೂ ಜೋಡಿಯಾದಾಗ ಬಣ್ಣ ಬದಲಿಸು ಅಂತ ಪುಟದ ನೋಟ ತೀರ್ಮಾನಿಸುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಬರೆಯುವುದು. ಮೆನುವಿನ ಕೋಡ್ ಎಲ್ಲ ಪುಟಕ್ಕೂ ಒಂದೇ ಇರುತ್ತದೆ, ಸ್ಕ್ರಿಪ್ಟ್ ಬೇಡವೇ ಬೇಡ. ಆದರೆ ಹೊಸ ಪುಟ ಸೇರಿಸಿದಾಗೆಲ್ಲ ಸಿಎಸ್‌ಎಸ್‌ಗೂ ಒಂದು ಸಾಲು ಸೇರಿಸಬೇಕು.

ಜಾವಾಸ್ಕ್ರಿಪ್ಟ್ ಈ ಕಾಟ ತಪ್ಪಿಸುತ್ತದೆ. ಪುಟದ ವಿಳಾಸ, ಲಿಂಕಿನ ವಿಳಾಸ ಎರಡನ್ನೂ ಹೋಲಿಸಿ, ಒಂದೇ ಆದರೆ ಕ್ಲಾಸ್ ಅಂಟಿಸಿದರಾಯಿತು. ಇಂಗ್ಲಿಷ್ ವಿಳಾಸಗಳಿಗೆ ಚೆನ್ನಾಗಿಯೇ ನಡೆಯುತ್ತದೆ. ಕನ್ನಡ ವಿಳಾಸಕ್ಕೆ ಬಂದರೆ ತಕರಾರು ಶುರು. ಲಿಂಕಿನಲ್ಲಿ ನಾವು ‘ಸಂಪರ್ಕ’ ಎಂದೇ ಬರೆದಿರುತ್ತೇವೆ. ಬ್ರೌಸರ್ ಮಾತ್ರ ಸ್ಕ್ರಿಪ್ಟಿಗೆ ಪುಟದ ವಿಳಾಸವನ್ನು ಶೇಕಡಾ ಚಿಹ್ನೆಗಳ ಸಾಲಾಗಿ ಕೊಡುತ್ತದೆ. ‘ಸ’ ಒಂದೇ ಅಕ್ಷರ %E0%B2%B8 ಆಗಿಬಿಡುತ್ತದೆ. ಎರಡೂ ಹೇಗೆ ಹೊಂದಬೇಕು? ಸಾಲದ್ದಕ್ಕೆ ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಈ ಅಕ್ಷರಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಕೊಡುತ್ತದೆ, ಬ್ರೌಸರ್ ತಾನೇ ಮಾಡುವಾಗ ದೊಡ್ಡಕ್ಷರದಲ್ಲಿ. ಎರಡು ಕಡೆಯನ್ನೂ ಡಿಕೋಡ್ ಮಾಡಿ, ಅಂದರೆ ಮತ್ತೆ ಕನ್ನಡ ಅಕ್ಷರಗಳಿಗೆ ತಿರುಗಿಸಿ, ಹೋಲಿಸಿದ ಮೇಲೆ ಸರಿಹೋಯಿತು. ವಿಳಾಸದ ಕೊನೆಯ ಓರೆಗೆರೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಎರಡೂ ಹೊಂದುವುದಿಲ್ಲ.

ನನಗೆ ಒಗ್ಗಿದ್ದು ಮೂರನೆಯದು. ಟೆಂಪ್ಲೇಟ್, ಅಂದರೆ ಪುಟಗಳನ್ನು ಕಟ್ಟಿಕೊಡುವ ಅಚ್ಚು, ಪುಟ ಕಟ್ಟುವಾಗಲೇ ಸರಿಯಾದ ಲಿಂಕಿಗೆ ‘ಏರಿಯಾ-ಕರೆಂಟ್’ (aria-current) ಹಾಕಿ, ಅದರ ಮೌಲ್ಯ ‘ಪೇಜ್’ ಎಂದು ಕೊಡುವುದು. ತಾನು ಕಟ್ಟುತ್ತಿರುವುದು ಯಾವ ಪುಟ ಅಂತ ಟೆಂಪ್ಲೇಟಿಗೆ ಗೊತ್ತೇ ಇರುತ್ತದೆ, ಬ್ರೌಸರ್‌ನಲ್ಲಿ ಸುಮ್ನೆ ಊಹೆ ಮಾಡೋದು ಯಾಕೆ? ಇದು 2017ರ ಡಬ್ಲ್ಯುಎಐ-ಏರಿಯಾ 1.1 ಎಂಬ, ಅಂಗವಿಕಲರಿಗೂ ವೆಬ್ ಎಟುಕುವಂತೆ ಮಾಡುವ ಮಾನದಂಡದಲ್ಲಿ ಬಂದ ಗುಣ. ಸಿಎಸ್‌ಎಸ್ ಇದನ್ನೇ ಹಿಡಿದು ಬಣ್ಣ ಹಚ್ಚುತ್ತದೆ, ಪುಟ ಎಷ್ಟಿದ್ದರೂ ಒಂದೇ ನಿಯಮ. ಸ್ಕ್ರೀನ್ ರೀಡರ್ ಕೂಡ ‘ಇದು ಈಗಿನ ಪುಟ’ ಎಂದು ಓದಿ ಹೇಳುತ್ತದೆ. ಬರೀ ಕ್ಲಾಸ್ ಹಾಕಿದರೆ ಕಣ್ಣು ಕಾಣದವರಿಗೆ ಏನೂ ತಿಳಿಯುವುದಿಲ್ಲ. ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್ ರೌಟರ್‌ನ ನ್ಯಾವ್‌ಲಿಂಕ್ ಇದನ್ನು ತಾನಾಗಿಯೇ ಹಾಕುತ್ತದೆ. ಒಂದು ಪುಸ್ತಕದ ಒಳಪುಟದಲ್ಲಿದ್ದಾಗ ‘ಪುಸ್ತಕಗಳು’ ಲಿಂಕಿಗೆ ‘ಪೇಜ್’ ಕೊಟ್ಟರೆ ಸುಳ್ಳಾಗುತ್ತದೆ. ಅಲ್ಲಿ ‘ಟ್ರೂ’ ಸಾಕು.

ಇನ್ನು ನೋಟ. ಇಂಗ್ಲಿಷಿನವರ ದೊಡ್ಡಕ್ಷರದ ಉಪಾಯ ನಮಗಿಲ್ಲ. ದಪ್ಪಕ್ಷರ ಮಾಡಿದರೆ ಪದ ಅಗಲವಾಗಿ ಪಕ್ಕದ ಲಿಂಕುಗಳು ಜರುಗುತ್ತವೆ. ಬರೀ ಬಣ್ಣ ಬದಲಿಸಿದರೆ ಬಣ್ಣಗುರುಡು ಇರುವವರಿಗೆ ಕಷ್ಟ. ಮಾಮೂಲಿ ಅಡಿಗೆರೆ ಹಾಕಿದರೆ ‘ಪುಸ್ತಕಗಳು’ ಪದದ ತ ಒತ್ತು, ‘ಕಾರ್ಯಕ್ರಮ’ದ ರ ಒತ್ತು ಗೆರೆಗೆ ತಾಗುತ್ತವೆ. ಬ್ರೌಸರ್ ಅಲ್ಲಲ್ಲಿ ಗೆರೆ ಕತ್ತರಿಸಿ ಜಾಗ ಬಿಡುತ್ತದೆ, ನೋಡೋಕೆ ಹರಕು ಹರಕು. ಅದರ ಬದಲು ಕೆಳಗೆ ಸ್ವಲ್ಪ ಜಾಸ್ತಿ ಪ್ಯಾಡಿಂಗ್ ಬಿಟ್ಟು ಮೂರು ಪಿಕ್ಸೆಲ್ ಬಾರ್ಡರ್ ಹಾಕಿದೆ. ಉಳಿದ ಲಿಂಕುಗಳಿಗೂ ಅಷ್ಟೇ ದಪ್ಪದ ಬಣ್ಣವಿಲ್ಲದ ಬಾರ್ಡರ್ ಇಟ್ಟರೆ ಮೆನು ಅಲುಗಾಡುವುದಿಲ್ಲ. ಫೋನಿನಲ್ಲಿ ಮೆನು ಮೇಲಿಂದ ಕೆಳಕ್ಕೆ ಬರುವುದರಿಂದ ಅಲ್ಲಿ ಅದೇ ಬಾರ್ಡರನ್ನು ಎಡಕ್ಕೆ ಹಾಕಿದ್ದೇನೆ.