ಎಲೆಕ್ಟ್ರಾನಿಕ್ ದಾಳ: 555ರಲ್ಲೋ, ಆರ್ಡುಯಿನೋದಲ್ಲೋ?

ಬಟನ್ ಒತ್ತಿ ಬಿಟ್ಟರೆ ಒಂದರಿಂದ ಆರರೊಳಗೆ ಒಂದು ಮುಖ ಬೆಳಗಬೇಕು, ಅಷ್ಟೇ. ಈ ದಾಳವನ್ನು ಎರಡು ಥರ ಕಟ್ಟಿ ನೋಡಿದೆ.

ಮೊದಲನೆಯದು 555 ಟೈಮರ್ ಮತ್ತು 4017 ಕೌಂಟರ್ ಎಂಬ ಎರಡು ಐಸಿ (ಚಿಪ್) ಸೇರಿಸಿ ಕಟ್ಟಿದ್ದು. 555 ಪಲ್ಸ್ (ವಿದ್ಯುತ್ ಮಿಡಿತ) ಕೊಡುತ್ತಾ ಹೋಗುತ್ತದೆ, 4017 ಎಣಿಸುತ್ತದೆ. ಏಳನೇ ಎಣಿಕೆಗೆ ಆನ್ ಆಗುವ ಅದರ 5ನೇ ಪಿನ್ನನ್ನು 15ನೇ ಪಿನ್ನಿಗೆ, ಅಂದರೆ ರೀಸೆಟ್‌ಗೆ ಕೊಟ್ಟರೆ ಆರು ಮುಗಿದ ಕೂಡಲೇ ಎಣಿಕೆ ಮೊದಲಿಗೆ ಮರಳುತ್ತದೆ. ಅದೃಷ್ಟವೆಲ್ಲ ಬೆರಳಿನದು. ಯಾವ ಕ್ಷಣ ಬಿಟ್ಟೆವೋ ಆಗಿನ ಅಂಕಿ. ನಾನು 1 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್‌ಗಳ ಜತೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೆ. ಸೆಕೆಂಡಿಗೆ ಬರೀ 7 ಪಲ್ಸ್! ಕಣ್ಣಲ್ಲೇ ನೋಡಿಕೊಂಡು ಆರು ಬಂದಾಗ ಬೆರಳು ಎತ್ತಬಹುದಿತ್ತು. ಕೆಪಾಸಿಟರ್ 10 ನ್ಯಾನೋಫ್ಯಾರಡ್‌ಗೆ ಇಳಿಸಿದೆ, ವೇಗ 6,900ರ ಹತ್ತಿರ ಏರಿತು. ಕಳ್ಳಾಟ ಅಲ್ಲಿಗೆ ನಿಂತಿತು.

ಆಮೇಲೆ ಇನ್ನೊಂದು ಕಾಟ. ಬಟನ್ ಬಿಟ್ಟ ಮೇಲೂ ಕೈ ಹತ್ತಿರ ತಂದರೆ ಸಾಕು, ಅಂಕಿ ಬದಲಾಗುತ್ತಿತ್ತು. ಒಂದು ಸಂಜೆ ಪೂರ್ತಿ ಐಸಿಯನ್ನೇ ಬೈದೆ. ನೋಡಿದರೆ ಎಣಿಕೆ ತಡೆಯುವ 13ನೇ ಪಿನ್ನಿಗೆ, ಬಟನ್ ಬಿಟ್ಟಾಗ ಅದನ್ನು ಆನ್ ಸ್ಥಿತಿಯಲ್ಲೇ ಹಿಡಿದಿಡುವ ಪುಲ್-ಅಪ್ ರೆಸಿಸ್ಟರ್ ಹಾಕುವುದನ್ನೇ ಮರೆತಿದ್ದೆ.

ಎರಡನೆಯದು ಆರ್ಡುಯಿನೋ, ಅಂದರೆ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್. ಅದರಲ್ಲಿ ಈ ತಲೆನೋವಿಲ್ಲ. ದಾಳದ ಚುಕ್ಕೆಗಳಾದ ಏಳು ಎಲ್‌ಇಡಿಗಳನ್ನು, ಒಟ್ಟಿಗೆ ಹೊತ್ತುವವುಗಳನ್ನು ಸೇರಿಸಿ, ನಾಲ್ಕು ಗುಂಪು ಮಾಡಿದರೆ ನಾಲ್ಕೇ ಪಿನ್ ಸಾಕು. 4017ಕ್ಕೆ ಇದೇ ಕೆಲಸಕ್ಕೆ ಡಜನ್ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೇಕಾಗಿತ್ತು. ಆದರೆ ಇಲ್ಲಿ ಅದೃಷ್ಟವೇ ನಕಲಿ. ಪ್ರತಿ ಸಲ ಆನ್ ಮಾಡಿದಾಗಲೂ ಅದೇ ಅಂಕಿಗಳು ಅದೇ ಸಾಲಿನಲ್ಲಿ ಬಂದವು. ರ‍್ಯಾಂಡಮ್ ಫಂಕ್ಷನ್‌ಗೆ ಸೀಡ್, ಅಂದರೆ ಲೆಕ್ಕ ಶುರುಮಾಡುವ ಸಂಖ್ಯೆ, ಕೊಡದಿದ್ದರೆ ಹಾಗೇ ಆಗುವುದು. ಖಾಲಿ ಬಿಟ್ಟ, ವೋಲ್ಟೇಜ್ ಅಳೆಯುವ ಅನಲಾಗ್ ಪಿನ್ನಿನಿಂದ ಸೀಡ್ ತೆಗೆದುಕೊಳ್ಳೋದು ವಾಡಿಕೆ. ಆದರೆ ಅದು 10 ಬಿಟ್ ರೀಡಿಂಗ್, ಹೆಚ್ಚೆಂದರೆ 1,024 ಬಗೆಯ ಆರಂಭ. ನನಗೆ ಸಮಾಧಾನವಾಗಲಿಲ್ಲ. ಕೊನೆಗೆ ಬಟನ್ ಒತ್ತಿದ ಮೈಕ್ರೋಸೆಕೆಂಡನ್ನೇ ಸೀಡ್ ಮಾಡಿದೆ. ಸುತ್ತಿ ಬಳಸಿ ಮತ್ತೆ ಬೆರಳಿಗೇ ಬಂದೆ, ಅಲ್ವಾ?

ಮೊದಲ ಸಲ ಮಾಡುವವರಿಗೆ ನಾನು 555 ಅನ್ನೇ ಹೇಳುತ್ತೇನೆ. ತಪ್ಪಾದರೆ ಎಲ್ಲಿ ಅಂತ ಮೀಟರ್ ಹಿಡಿದು ಹುಡುಕಬಹುದು. ಆಟಕ್ಕೆ ಕೂತಾಗ ಮಾತ್ರ ನನ್ನ ಕೈ ಹೋಗೋದು ಆರ್ಡುಯಿನೋ ಕಡೆಗೆ. ಅಂಕಿಗಳು ಉರುಳುತ್ತಾ ನಿಧಾನವಾಗಿ ನಿಲ್ಲುವ ಹಾಗೆ ಅದರಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. 555 ದಾಳದಲ್ಲಿ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಏಳೂ ದೀಪ ಒಟ್ಟಿಗೆ ಉರಿದಂತೆ ಕಾಣುತ್ತದೆ. ಅದರಲ್ಲಿ ಎರಡು ಮಾತ್ರ ತೀರಾ ಮಂಕು. ಅವು ಆರು ಬಂದಾಗಷ್ಟೇ ಹೊತ್ತುವ ದೀಪಗಳು.