ಡೈಪೋಲ್, ಎಂಡ್-ಫೆಡ್, ವರ್ಟಿಕಲ್, ಲೂಪ್: ಒಂದೇ ಮನೆಯಲ್ಲಿ ಕಟ್ಟಿ ನೋಡಿದ ನಾಲ್ಕು ಆಂಟೆನಾ

ಹವ್ಯಾಸಿಗಳು ತಾವೇ ಸಿಗ್ನಲ್ ಕಳಿಸಿ ಮಾತಾಡುವ ಹ್ಯಾಮ್ ರೇಡಿಯೋದ ಲೈಸೆನ್ಸ್ ಕೈಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಯಾವ ರಿಗ್ (ರೇಡಿಯೋ ಸೆಟ್) ತಗೊಳ್ಳಲಿ?’ ಅನ್ನೋದು. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ ‘ತಂತಿ ಎಲ್ಲಿಂದ ಎಲ್ಲಿಗೆ ಎಳೆಯಬಹುದು?’ ಅಂತ ತಿರುಗಿ ಕೇಳುತ್ತೇನೆ. ದುಡ್ಡು ಕಡಿಮೆ ಇದ್ದರಂತೂ ಮೊದಲು ನೋಡಬೇಕಾದ್ದು ಅದನ್ನೇ. ಕಳೆದ ಒಂದು ವರ್ಷದಲ್ಲಿ ಒಂದೇ ಮನೆಯಲ್ಲಿ, ಒಂದೇ ರಿಗ್ ಇಟ್ಟುಕೊಂಡು ನಾಲ್ಕು ಥರದ ಆಂಟೆನಾ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದೇನೆ. ನಾಲ್ಕನ್ನೂ ನನ್ನ ಕೈಯಾರೆ ಮಾಡಿದ್ದು.

ಹೋಲಿಸಿದ್ದು ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಶಾರ್ಟ್‌ವೇವ್‌ನಲ್ಲಿ ಸಿಗ್ನಲ್ ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಬೆಳಿಗ್ಗೆ ಒಂದು ಆಂಟೆನಾ, ಸಂಜೆ ಇನ್ನೊಂದು ಹಾಕಿ ‘ಇದು ಚೆನ್ನಾಗಿದೆ’ ಅಂದರೆ ಅದಕ್ಕೆ ಅರ್ಥವಿಲ್ಲ. ಅದಕ್ಕೆ ಎರಡು ಆಂಟೆನಾಗಳ ಕೇಬಲ್‌ಗಳನ್ನೂ ಒಂದು ಸ್ವಿಚ್‌ಗೆ ತಂದು, ಅದೇ ಸ್ಟೇಷನ್ ಮಾತಾಡುತ್ತಿರುವಾಗಲೇ ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿ ಕೇಳಿದೆ. ಕಳಿಸುವ ಶಕ್ತಿ ನೋಡಲು ‘ವಿಸ್ಪರ್’ ಬಳಸಿದೆ. 1993ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಜೋ ಟೇಲರ್ ಅವರೂ ಒಬ್ಬ ಹ್ಯಾಮ್. ಅವರು 2008ರಲ್ಲಿ ಬಿಡುಗಡೆ ಮಾಡಿದ ಡಿಜಿಟಲ್ ವಿಧಾನ ಇದು. ಸುಮಾರು ಎರಡು ನಿಮಿಷ ನಿಧಾನವಾಗಿ ಒಂದು ಪುಟ್ಟ ಸಂದೇಶ ಹೋಗುತ್ತದೆ. ಎಲ್ಲೆಲ್ಲೋ ಕೂತವರ ರಿಸೀವರ್‌ಗಳು ಅದನ್ನು ಹಿಡಿದು, ಎಷ್ಟು ಜೋರಾಗಿ ಕೇಳಿಸಿತು ಅಂತ ತಾವಾಗಿಯೇ ಇಂಟರ್ನೆಟ್‌ಗೆ ಹಾಕುತ್ತವೆ. ನಾನು 200 ಮಿಲಿವ್ಯಾಟ್ ಮಾತ್ರ ಬಿಟ್ಟು, ಒಂದು ಸರದಿಗೆ ಈ ಆಂಟೆನಾ, ಮುಂದಿನ ಸರದಿಗೆ ಆ ಆಂಟೆನಾ ಅಂತ ಹಲವು ದಿನ ಓಡಿಸಿದೆ.

ಮೊದಲ ಜೋಡಿ: 7 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಡೈಪೋಲ್ ಮತ್ತು ಎಂಡ್-ಫೆಡ್.

ಡೈಪೋಲ್ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20.1 ಮೀಟರ್. ಅದನ್ನು ಎರಡು ತೋಳಾಗಿ ಕತ್ತರಿಸಿ, ನಡುವೆ ಕೋಆಕ್ಸ್ ಕೇಬಲ್ (ಒಳಗೊಂದು ತಂತಿ, ಸುತ್ತ ಲೋಹದ ಹೊದಿಕೆ) ಜೋಡಿಸಬೇಕು. ನಾನು ಬೇಕೆಂದೇ ಒಂದೊಂದು ತೋಳನ್ನೂ 10.5 ಮೀಟರ್ ಬಿಟ್ಟೆ. ಮೇಲೇರಿಸಿ ನೋಡಿದರೆ 6.75ರ ಹತ್ತಿರ ಟ್ಯೂನ್ ಆಗಿತ್ತು. ತುದಿಯನ್ನು ಕತ್ತರಿಸಲಿಲ್ಲ, ಹಿಂದಕ್ಕೆ ಮಡಚಿ ಅದೇ ತಂತಿಗೆ ಸುತ್ತಿದೆ. ಇಳಿಸು, ಮಡಚು, ಏರಿಸು. ಐದನೇ ಸಲಕ್ಕೆ 7.1ಕ್ಕೆ ಬಂತು. ಆಗ ತೋಳು 10 ಮೀಟರ್‌ಗಿಂತ ಚೂರು ಕಡಿಮೆ ಇತ್ತು. ಪ್ಲಾಸ್ಟಿಕ್ ಹೊದಿಕೆಯ ತಂತಿ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡ ಸಾಕಾಗುತ್ತದೆ. ನಡುಭಾಗ 8 ಮೀಟರ್ ಎತ್ತರದಲ್ಲಿದೆ, ಎರಡು ತುದಿಗಳು ಇಳಿಜಾರಾಗಿ 3 ಮೀಟರ್‌ಗೆ ಬರುತ್ತವೆ. ಹೀಗೆ ಇಳಿಬಿಟ್ಟಾಗ ಇಂಪೀಡೆನ್ಸ್ (ಸಿಗ್ನಲ್‌ಗೆ ಎದುರಾಗುವ ತಡೆ) ಕೂಡ ರಿಗ್‌ಗೆ ಬೇಕಾದ 50 ಓಮ್ ಹತ್ತಿರಕ್ಕೆ ಬರುತ್ತದೆ, ಅದೊಂದು ಅನುಕೂಲ.

ಎಂಡ್-ಫೆಡ್ ಆಂಟೆನಾದಲ್ಲಿ ತಂತಿ ಅಷ್ಟೇ ಉದ್ದ, ಸುಮಾರು 20 ಮೀಟರ್. ಆದರೆ ಕೇಬಲ್ ಸೇರುವುದು ನಡುವೆ ಅಲ್ಲ, ಒಂದು ತುದಿಯಲ್ಲಿ. ಅರ್ಧ ತರಂಗದ, ಅಂದರೆ ಆ ಬ್ಯಾಂಡ್‌ನ ತರಂಗದ ಅರ್ಧ ಉದ್ದದ ತಂತಿಯ ತುದಿಯಲ್ಲಿ ಇಂಪೀಡೆನ್ಸ್ ಎರಡೂವರೆ ಸಾವಿರ ಓಮ್ ಆಸುಪಾಸು ಇರುತ್ತದೆ. ಅದನ್ನು 50ಕ್ಕೆ ಇಳಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಟೊರಾಯ್ಡ್ (ಬಳೆಯಂಥ ಕಾಂತೀಯ ಕೋರ್) ಮೇಲೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು, ಪ್ರೈಮರಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್ ಕೆಪಾಸಿಟರ್. ಒಂದು ಸಂಜೆಯ ಕೆಲಸ.

ಇದರ ಆಕರ್ಷಣೆ ಏನೆಂದರೆ ಅದೇ ತಂತಿ 7, 14, 21, 28 ನಾಲ್ಕರಲ್ಲೂ ಟ್ಯೂನರ್ (ಇಂಪೀಡೆನ್ಸ್ ಹೊಂದಿಸುವ ಡಬ್ಬಿ) ಇಲ್ಲದೆ ಕೆಲಸ ಮಾಡುತ್ತದೆ. 7ಕ್ಕೆ ಕಟ್ಟಿದ ಡೈಪೋಲ್ 21ರಲ್ಲೂ ನಡೆಯುತ್ತದೆ, ಆದರೆ 14ರಲ್ಲಿ ಮುಟ್ಟುವ ಹಾಗೇ ಇಲ್ಲ. ಒಂದೇ ಒಂದು ಆಂಟೆನಾಗೆ ಜಾಗ ಇರುವವರಿಗೆ ಇದು ದೊಡ್ಡ ವಿಷಯ, ಅಲ್ವಾ?

ಆದರೆ ಎಂಡ್-ಫೆಡ್ ಹಾಕಿದ ಮೊದಲ ರಾತ್ರಿ ನಡೆದದ್ದನ್ನು ಹೇಳಲೇಬೇಕು. ಮೈಕ್ ತುಟಿಗೆ ತಾಗಿದ ಕೂಡಲೇ ಚುರ್ ಅಂತು. ಮಾತಾಡಿದಂತೆಲ್ಲ ಟೇಬಲ್ ಮೇಲಿನ ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ವಿದ್ಯುತ್ತು ತಂತಿಗೆ ಹರಿದಷ್ಟೇ ಪ್ರಮಾಣದಲ್ಲಿ ಎಲ್ಲಿಂದಲೋ ವಾಪಸ್ ಬರಲೇಬೇಕು. ಡೈಪೋಲ್‌ಗೆ ಎರಡನೇ ತೋಳಿದೆ. ಎಂಡ್-ಫೆಡ್‌ಗೆ ಅದಿಲ್ಲ, ಹಾಗಾಗಿ ಅದು ಕೋಆಕ್ಸ್‌ನ ಹೊರಮೈಯನ್ನೇ ಎರಡನೇ ತೋಳು ಮಾಡಿಕೊಳ್ಳುತ್ತದೆ. ನನ್ನ ಕೇಬಲ್, ರಿಗ್, ಮೈಕ್ ಎಲ್ಲವೂ ಆಂಟೆನಾದ ಭಾಗ ಆಗಿಬಿಟ್ಟಿದ್ದವು. ಕೇಳುವಾಗಲೂ ಅದೇ ಕಥೆ. ಮನೆಯೊಳಗಿನ ಚಾರ್ಜರ್, ಎಲ್‌ಇಡಿ ದೀಪಗಳ ಗದ್ದಲವೆಲ್ಲ ಅದೇ ದಾರಿಯಲ್ಲಿ ಒಳಗೆ ಬರುತ್ತಿತ್ತು. ಸಿಗ್ನಲ್ ಬಲ ತೋರಿಸುವ ರಿಗ್‌ನ ಎಸ್-ಮೀಟರ್ ಡೈಪೋಲ್‌ನಲ್ಲಿ ಎಸ್-3, ಎಸ್-4ರಲ್ಲಿ ನಿಂತರೆ ಎಂಡ್-ಫೆಡ್‌ನಲ್ಲಿ ಎಸ್-6.

ಪರಿಹಾರ ಕಷ್ಟದ್ದಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ 2 ಮೀಟರ್ ಕೆಳಗೆ ಕೋಆಕ್ಸ್ ಅನ್ನೇ ಇನ್ನೊಂದು ಫೆರೈಟ್ ರಿಂಗ್‌ನಲ್ಲಿ ಹತ್ತು ಸುತ್ತು ಹಾಕಿ ಚೋಕ್ ಮಾಡಿದೆ. ಮೇಲಿನ 2 ಮೀಟರ್ ಕೇಬಲ್ ಎರಡನೇ ತೋಳಾಗಿ ಕೆಲಸ ಮಾಡಲಿ, ಅದರ ಕೆಳಗೆ ಏನೂ ಹರಿಯಬಾರದು ಅಂತ. ತುಟಿ ಸುಡುವುದು ನಿಂತಿತು, ಗದ್ದಲ ಎಸ್-4ಕ್ಕೆ ಇಳಿಯಿತು. ಚೋಕ್ ಇಲ್ಲದ ಎಂಡ್-ಫೆಡ್ ಅನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಡೈಪೋಲ್‌ಗೂ ಕೇಬಲ್ ಸೇರುವ ಜಾಗದಲ್ಲಿ ಇಂಥದ್ದೇ ಒಂದು ಹಾಕಿದರೆ ಒಳ್ಳೆಯದೇ.

ಇನ್ನೊಂದು ಸಂಗತಿ. ಮೊದಲು ಸಣ್ಣ ಟೊರಾಯ್ಡ್ ಬಳಸಿದ್ದೆ. ಮಾತಿಗೆ ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ ಮಾತಾಡಿದರೆ ತೊಂದರೆ ಇರಲಿಲ್ಲ. ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನ ಶುರು ಮಾಡಿದೆ, 50 ವ್ಯಾಟ್. ಅದರಲ್ಲಿ ಕಳಿಸುವಷ್ಟು ಹೊತ್ತೂ ಪೂರ್ತಿ ಪವರ್ ಹೋಗುತ್ತದೆ. ಹತ್ತು ನಿಮಿಷದಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕಿ, 1 ಅಂದರೆ ಪೂರ್ತಿ ಹೊಂದಿಕೆ) 1.3ರಿಂದ 2ರ ಕಡೆಗೆ ತೆವಳಿತು. ಟ್ರಾನ್ಸ್‌ಮಿಟ್ ನಿಲ್ಲಿಸಿ ಮೇಲೆ ಹೋಗಿ ಡಬ್ಬಿ ತೆಗೆದರೆ ಕೋರ್ ಮುಟ್ಟಲಾಗದಷ್ಟು ಬಿಸಿ. ಈಗ ಎಫ್‌ಟಿ240-43 ಅನ್ನುವ ದೊಡ್ಡ ಕೋರ್ ಇದೆ, ಅಷ್ಟೇ ವ್ಯಾಟ್‌ಗೆ ಬೆಚ್ಚಗಾಗುವುದೂ ಅಪರೂಪ.

7ರಲ್ಲಿ ನನ್ನ ತೀರ್ಪು ಡೈಪೋಲ್ ಕಡೆಗೆ. ವಿಸ್ಪರ್ ವರದಿಗಳಲ್ಲಿ ಅಂತರ ಬಹಳ ಇರಲಿಲ್ಲ, ಡೈಪೋಲ್ ಒಂದೆರಡು ಡೆಸಿಬಲ್ ಮುಂದೆ, ಅಷ್ಟೇ. ಕೇಳುವುದರಲ್ಲಿ ಮಾತ್ರ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತಿತ್ತು. ಕ್ಷೀಣವಾಗಿ ಬರುವ ದನಿ ಡೈಪೋಲ್‌ನಲ್ಲಿ ಮಾತಾಗಿ ಕೇಳಿಸಿದರೆ, ಎಂಡ್-ಫೆಡ್‌ನಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು ಅಷ್ಟೇ. ಕೇಳಿಸದ ಸ್ಟೇಷನ್‌ಗೆ ಎಷ್ಟು ವ್ಯಾಟ್ ಇದ್ದರೂ ಉತ್ತರ ಕೊಡಲು ಆಗುವುದಿಲ್ಲ.

ಎರಡನೇ ಜೋಡಿ 14 ಮೆಗಾಹರ್ಟ್ಸ್‌ನಲ್ಲಿ: ಎಂಡ್-ಫೆಡ್ ಮತ್ತು ಕಾಲು ತರಂಗದ ವರ್ಟಿಕಲ್. ಫೈಬರ್‌ಗ್ಲಾಸ್ ಗಾಳದ ಕೋಲಿಗೆ 5 ಮೀಟರ್ ತಂತಿ ಕಟ್ಟಿ ನೆಟ್ಟಗೆ ನಿಲ್ಲಿಸಿದೆ. ಬುಡದಲ್ಲಿ ನೆಲದ ಮೇಲೆ, ಚಕ್ರದ ಕಡ್ಡಿಗಳಂತೆ, ನಾಲ್ಕು ರೇಡಿಯಲ್ ತಂತಿ ಹರಡಿದೆ. ಎಸ್‌ಡಬ್ಲ್ಯುಆರ್ 1.1! ನನಗೋ ಬಹಳ ಖುಷಿ. ಆದರೆ ವಿಸ್ಪರ್‌ನಲ್ಲಿ ದೂರದ ಸ್ಟೇಷನ್‌ಗಳು ಎಂಡ್-ಫೆಡ್ ಸರದಿಗೇ ಜಾಸ್ತಿ ಅಂಕ ಕೊಡುತ್ತಿದ್ದವು. ಆಮೇಲೆ ಒಂದೊಂದಾಗಿ ರೇಡಿಯಲ್ ಸೇರಿಸುತ್ತ ಹದಿನಾರಕ್ಕೆ ಬಂದೆ. ಎಸ್‌ಡಬ್ಲ್ಯುಆರ್ ಕೆಟ್ಟು 1.3 ಆಯಿತು. ಸಿಗ್ನಲ್ ಮಾತ್ರ ಏರಿತು, ದೂರದ ವರದಿಗಳಲ್ಲಿ ವರ್ಟಿಕಲ್ ಮುಂದೆ ಹೋಯಿತು.

ಇದು ಯಾಕೆ ಅಂತ ಅರ್ಥ ಆದ ದಿನ ನನ್ನ ಆಂಟೆನಾ ತಿಳಿವಳಿಕೆಯೇ ಬದಲಾಯಿತು. ಒಳ್ಳೆ ನೆಲ ಇದ್ದರೆ ಕಾಲು ತರಂಗದ ವರ್ಟಿಕಲ್‌ನ ಇಂಪೀಡೆನ್ಸ್ ಸುಮಾರು 36 ಓಮ್. ನಾಲ್ಕೇ ರೇಡಿಯಲ್ ಇದ್ದಾಗ ಮಣ್ಣಿನಲ್ಲಿ ಆಗುವ ನಷ್ಟ ಹತ್ತು-ಹದಿನೈದು ಓಮ್ ಆಗಿ ಅದಕ್ಕೆ ಸೇರುತ್ತದೆ. ಎರಡೂ ಸೇರಿ 50 ಆಗುತ್ತದೆ, ಮೀಟರ್ ಚಂದ ಕಾಣುತ್ತದೆ. ಪವರ್‌ನ ಒಂದು ಪಾಲು ಮಾತ್ರ ಮಣ್ಣನ್ನು ಬಿಸಿ ಮಾಡುತ್ತಿರುತ್ತದೆ. ರೇಡಿಯಲ್ ಜಾಸ್ತಿ ಮಾಡಿದಂತೆ ನಷ್ಟ ಇಳಿದು ಅಂಕಿ 36ರ ಕಡೆ ಹೋಗುತ್ತದೆ, ಎಸ್‌ಡಬ್ಲ್ಯುಆರ್ 1.4ರ ಕಡೆ. ಆಂಟೆನಾ ಬದಲು ಸಿಕ್ಕಿಸುವ 50 ಓಮ್ ರೆಸಿಸ್ಟರ್, ಅಂದರೆ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯುಆರ್ 1.0, ಆದರೆ ಅದರಲ್ಲಿ ಒಬ್ಬರಿಗೂ ಕೇಳಿಸುವುದಿಲ್ಲ.

ವರ್ಟಿಕಲ್‌ಗೆ ಗದ್ದಲ ಹಿಡಿಯುವ ಗುಣ ಇದೆ, ನನ್ನಲ್ಲಿ ಎಂಡ್-ಫೆಡ್‌ಗಿಂತ ಒಂದು ಎಸ್ ಯುನಿಟ್ ಜಾಸ್ತಿ. ಹತ್ತಿರದ, ಕೆಲವು ನೂರು ಕಿಲೋಮೀಟರ್‌ನ ಸ್ಟೇಷನ್‌ಗಳಿಗೆ ಅದು ಮಂಕು. ಸಾವಿರಾರು ಕಿಲೋಮೀಟರ್ ದೂರಕ್ಕೆ, ಸಿಗ್ನಲ್ ಅನ್ನು ದಿಗಂತಕ್ಕೆ ಹತ್ತಿರವಾಗಿ ಬಿಡುವುದರಿಂದ, ಗೆಲ್ಲುತ್ತದೆ. ನೆಲದ ಜಾಗ ಇದ್ದು, ಎತ್ತರದ ಕಂಬ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮ್ಯಾಗ್ನೆಟಿಕ್ ಲೂಪ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಒಂದು ಮೀಟರ್ ವ್ಯಾಸದ ತಾಮ್ರದ ಕೊಳವೆ, ಮೇಲೊಂದು ವೇರಿಯಬಲ್ ಕೆಪಾಸಿಟರ್. ಬಾಲ್ಕನಿಯಲ್ಲೇ ಕೂರುತ್ತದೆ. ಕೇಳಲು ಅದ್ಭುತ: ತಿರುಗಿಸಿ ಗದ್ದಲದ ಮೂಲವನ್ನೇ ಅಳಿಸಿಬಿಡಬಹುದು. ಆದರೆ 14ರಲ್ಲಿ ಇದರ ಬ್ಯಾಂಡ್‌ವಿಡ್ತ್ ಸುಮಾರು 20 ಕಿಲೋಹರ್ಟ್ಸ್ ಅಷ್ಟೇ. ಸ್ವಲ್ಪ ಅತ್ತಿತ್ತ ಹೋದರೆ ಎದ್ದು ಹೋಗಿ ಮತ್ತೆ ಟ್ಯೂನ್ ಮಾಡಬೇಕು. 5 ವ್ಯಾಟ್‌ಗೇ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್ ದಾಟುತ್ತದೆ, ಹಾಗಾಗಿ ಟ್ರಾನ್ಸ್‌ಮಿಟ್ ಮಾಡುವಾಗ ಯಾರೂ ಮುಟ್ಟಬಾರದು, ಹತ್ತಿರವೂ ನಿಲ್ಲಬಾರದು. ಬೇರೆ ದಾರಿಯೇ ಇಲ್ಲದವರಿಗೆ ಸರಿ. ತಂತಿ ಎಳೆಯಲು ಜಾಗ ಇದ್ದರೆ ತಂತಿಯೇ ಎಳೆಯಿರಿ.

ಯಾವ ಆಂಟೆನಾ ಆದರೂ ವಿದ್ಯುತ್ ಲೈನ್‌ನಿಂದ ದೂರ ಇರಬೇಕು, ಅದು ಕಿತ್ತು ಬಿದ್ದರೂ ಲೈನ್ ಮೇಲೆ ಬೀಳಬಾರದು. ಗುಡುಗಿನ ಸದ್ದು ಕೇಳಿಸಿದ ಮೇಲೆ ಕೇಬಲ್ ಕಳಚುವುದಲ್ಲ. ಮೋಡ ಕಟ್ಟುವ ಮೊದಲೇ ಕಳಚಿ ಕಿಟಕಿಯ ಹೊರಗಿಡುತ್ತೇನೆ.

145 ಮೆಗಾಹರ್ಟ್ಸ್‌ಗೆ ಬಂದರೆ ಲೆಕ್ಕ ಬೇರೆ. ಅಗ್ಗದ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್‌ನಲ್ಲೇ ಎಲ್ಲರೂ ಶುರು ಮಾಡುತ್ತಾರೆ, ನಾನೂ ಹಾಗೆಯೇ. ಅದರ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ದುರ್ಬಲ. ದುಡ್ಡೇ ಇಲ್ಲದ ಮೊದಲ ಸುಧಾರಣೆ: 49 ಸೆಂಟಿಮೀಟರ್ ತಂತಿಯನ್ನು ಆಂಟೆನಾ ಬುಡದ ಲೋಹದ ಬಳೆಗೆ ಸಿಕ್ಕಿಸಿ ಕೆಳಗೆ ಇಳಿಬಿಡಿ. ಅದು ಎರಡನೇ ತೋಳಾಗುತ್ತದೆ. ಮೊದಲು ನನ್ನ ಹ್ಯಾಂಡಿಯಲ್ಲಿ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸ್ಟೇಷನ್) ಕರಕರ ಅನ್ನುತ್ತಿದ್ದ ಕೋಣೆಯಲ್ಲೇ ಅದು ಸ್ಪಷ್ಟವಾಗಿ ಸಿಕ್ಕಿತು. ಮುಂದಿನ ಹೆಜ್ಜೆಗೆ ರಿಬ್ಬನ್ ಕೇಬಲ್‌ನ (ಹಳೆಯ ಟಿವಿ ಆಂಟೆನಾಗೆ ಬಳಸುತ್ತಿದ್ದ ಚಪ್ಪಟೆ ಜೋಡಿ ತಂತಿ) ಜೆ-ಪೋಲ್ ಮತ್ತು ಗ್ರೌಂಡ್-ಪ್ಲೇನ್ ಎಂಬ ಎರಡು ಆಂಟೆನಾ ಮಾಡಿದೆ. ಜೆ-ಪೋಲ್ ಸುತ್ತಿ ಜೇಬಿಗೆ ಹಾಕಿಕೊಳ್ಳಬಹುದು, ಆದರೆ ಕೇಬಲ್ ಕೂಡಿಸುವ ಜಾಗ ಒಂದು ಸೆಂಟಿಮೀಟರ್ ತಪ್ಪಿದರೂ ಟ್ಯೂನ್ ಕೆಡುತ್ತದೆ. ಗ್ರೌಂಡ್-ಪ್ಲೇನ್ ಅಂದರೆ ಎಸ್‌ಒ-239 ಅನ್ನುವ ಕೋಆಕ್ಸ್ ಸಾಕೆಟ್, ನಡುವೆ ಒಂದು ಸರಳು, ನಾಲ್ಕು ಮೂಲೆಗೆ ಬೆಸುಗೆ ಹಾಕಿದ ನಾಲ್ಕು ಸರಳು, 45 ಡಿಗ್ರಿ ಕೆಳಗೆ ಬಗ್ಗಿಸಿದ್ದು. ಮೊದಲ ಸಲಕ್ಕೇ ಸರಿ ಬಂತು.

ಇಲ್ಲಿ ಕೇಬಲ್ ಮೇಲೆ ಖರ್ಚು ಮಾಡಿ. ತೆಳ್ಳನೆಯ ಕೋಆಕ್ಸ್ ಆರ್‌ಜಿ-58, 15 ಮೀಟರ್ ಉದ್ದಕ್ಕೆ 145ರಲ್ಲಿ ಸುಮಾರು 3 ಡೆಸಿಬಲ್ ತಿನ್ನುತ್ತದೆ. ಅಂದರೆ ಅರ್ಧ ಪವರ್ ಕೇಬಲ್‌ನಲ್ಲೇ ಹೋಯಿತು. ದಪ್ಪನೆಯ ಆರ್‌ಜಿ-213ರಲ್ಲಿ ನಷ್ಟ ಅದರ ಅರ್ಧಕ್ಕೂ ಕಡಿಮೆ. ಅದೇ 7 ಮೆಗಾಹರ್ಟ್ಸ್‌ಗೆ ಆರ್‌ಜಿ-58 ಧಾರಾಳವಾಗಿ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಯಾವುದೇ ಕೇಬಲ್ ಇರಲಿ, ಹೊರಗಿನ ಕನೆಕ್ಟರ್‌ಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ನೀರು ಹೊಕ್ಕ ಕೇಬಲ್ ನಷ್ಟ ಜಾಸ್ತಿಯಾಗಿ ಎಸ್‌ಡಬ್ಲ್ಯುಆರ್ ಇನ್ನೂ ಚೆನ್ನಾಗಿ ತೋರಿಸಬಹುದು, ಹಾಗಾಗಿ ಕೆಟ್ಟಿದ್ದು ಬೇಗ ಗೊತ್ತಾಗುವುದೂ ಇಲ್ಲ.

ಇನ್ನು ರಿಗ್. ನಾವೇ ಜೋಡಿಸುವ, ಒಂದೇ ಬ್ಯಾಂಡ್‌ನ, ಸುಮಾರು 5 ವ್ಯಾಟ್‌ನ ಮೋರ್ಸ್ ಕಿಟ್ ಕ್ಯುಸಿಎಕ್ಸ್-ಮಿನಿ, ಮತ್ತು ಯಾರೋ ಬಳಸಿ ಮಾರಿದ 100 ವ್ಯಾಟ್ ಸೆಟ್ ಎರಡೂ ನನ್ನ ಟೇಬಲ್ ಮೇಲಿವೆ. 5 ವ್ಯಾಟ್‌ನಿಂದ 100ಕ್ಕೆ ಹೋದರೆ ಕೇಳುವವರ ಕಡೆ ಸಿಗುವುದು 13 ಡೆಸಿಬಲ್, ಎರಡು ಎಸ್ ಯುನಿಟ್‌ಗಿಂತ (ಒಂದು ಯುನಿಟ್ 6 ಡೆಸಿಬಲ್) ಚೂರು ಜಾಸ್ತಿ. ಮೋರ್ಸ್ ಕಲಿಯುವ ಮನಸ್ಸಿದ್ದರೆ ಕಿಟ್ ತಗೊಳ್ಳಿ, ಬೆಸುಗೆ ಹಾಕುತ್ತಲೇ ರೇಡಿಯೋ ಹೇಗೆ ನಡೆಯುತ್ತದೆ ಅಂತ ತಿಳಿಯುತ್ತದೆ. ಮಾತಾಡುವುದೇ ಇಷ್ಟ ಅಂದರೆ 5 ವ್ಯಾಟ್‌ನಲ್ಲಿ ತಾಳ್ಮೆ ಬೇಕು, ಹಳೆಯ 100 ವ್ಯಾಟ್ ಸೆಟ್ ಮೇಲು. ಲೈಸೆನ್ಸ್ ಇನ್ನೂ ಬಂದಿಲ್ಲವಾದರೆ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ, ಆದರೆ ಕಂಪ್ಯೂಟರ್‌ಗೆ ಸಿಕ್ಕಿಸುವ, ಕೇಳಲು ಮಾತ್ರ ಆಗುವ ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಹಾಕಿ ಕೇಳುತ್ತ ಆಂಟೆನಾ ಕಟ್ಟುವ ಕೈ ಪಳಗಿಸಬಹುದು.

ರಿಗ್‌ಗಿಂತ ಮೊದಲು ತಗೊಳ್ಳಬೇಕಾದ್ದು ನ್ಯಾನೊವಿಎನ್‌ಎ ಅನ್ನುವ, ಆಂಟೆನಾ ಅಳೆಯುವ ಪುಟ್ಟ ಉಪಕರಣ. ಎಸ್‌ಡಬ್ಲ್ಯುಆರ್ ಮೀಟರ್ ಕೆಲಸ ಮಾಡಲು ಟ್ರಾನ್ಸ್‌ಮಿಟ್ ಮಾಡಬೇಕು, ಅದೂ ಒಂದು ಸಲಕ್ಕೆ ಒಂದೇ ಫ್ರೀಕ್ವೆನ್ಸಿ. ಇದು ಇಡೀ ಬ್ಯಾಂಡ್‌ನ ಗೆರೆ ಎಳೆದು ತೋರಿಸುತ್ತದೆ. ತಂತಿ ಉದ್ದವಾಗಿದೆಯೋ ಗಿಡ್ಡವೋ ಒಂದೇ ನೋಟಕ್ಕೆ ಗೊತ್ತು. ಓಪನ್, ಶಾರ್ಟ್, ಲೋಡ್ ಎಂಬ ಮೂರು ಕನೆಕ್ಟರ್ ಹಾಕಿ ಕ್ಯಾಲಿಬ್ರೇಟ್ ಮಾಡುವುದನ್ನು ಮಾತ್ರ ಬಿಡಬೇಡಿ.

ಜೊತೆಗೆ ಒಂದು ಸಂಜೆ ಗದ್ದಲ ಹುಡುಕಲು ಇಡಿ. ರಿಗ್ ಅನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ನೋಡಿ. ನನ್ನಲ್ಲಿ ಎರಡು ಎಸ್ ಯುನಿಟ್ ಥಟ್ಟನೆ ಇಳಿಯಿತು. ಮತ್ತೆ ಆನ್ ಮಾಡಿ ಪ್ಲಗ್ ಒಂದೊಂದಾಗಿ ಕೀಳುತ್ತ ಹೋದೆ. ಕಳ್ಳ ಸಿಕ್ಕಿದ್ದು ಮಂಚದ ಪಕ್ಕದ ಒಂದು ಫೋನ್ ಚಾರ್ಜರ್‌ನಲ್ಲಿ. 5 ವ್ಯಾಟ್‌ನಿಂದ 100ಕ್ಕೆ ಹೋಗಿ ಪಡೆಯುವಷ್ಟೇ ಅಂತರ, ಕೇಳುವ ಕಡೆ, ಪ್ಲಗ್ ಕಿತ್ತಿದ್ದಕ್ಕೇ ಸಿಕ್ಕಿತು.

ಈಗ ಮನೆ ಮೇಲೆ 7ಕ್ಕೆ ಡೈಪೋಲ್, ಕೆಳಗೆ ನೆಲದಲ್ಲಿ 14ಕ್ಕೆ ಹದಿನಾರು ರೇಡಿಯಲ್‌ನ ವರ್ಟಿಕಲ್ ಇವೆ. ಎಂಡ್-ಫೆಡ್ ಸುತ್ತಿ ಚೀಲದಲ್ಲಿದೆ. ಹೊರಗೆ ಹೋದಾಗ ಒಂದು ಮರ, ಒಂದು ಹಗ್ಗ ಸಿಕ್ಕರೆ ಹತ್ತು ನಿಮಿಷದಲ್ಲಿ ನಾಲ್ಕು ಬ್ಯಾಂಡ್ ತಯಾರು, ಆ ಕೆಲಸಕ್ಕೆ ಅದನ್ನು ಬಿಟ್ಟು ಬೇರೆ ಯಾವುದನ್ನೂ ಒಯ್ಯುವುದಿಲ್ಲ. ಮುಂದಿನ ತಿಂಗಳು ವರ್ಟಿಕಲ್‌ನ ರೇಡಿಯಲ್ ಮೂವತ್ತೆರಡು ಮಾಡಿ ವಿಸ್ಪರ್ ಮತ್ತೆ ಓಡಿಸಬೇಕು. ತಂತಿ ಆಗಲೇ ಕತ್ತರಿಸಿಟ್ಟಿದ್ದೇನೆ.