ಲೈನ್ ಮನೆ ಏರು ಹತ್ತಿಸಲು ಯಾವ ಲಾಕರ್?

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಹಳ್ಳ ದಾಟಿ ಲೈನ್ ಮನೆಗೆ, ಅಂದರೆ ಆಳುಗಳ ಸಾಲುಮನೆಗೆ, ಹೋಗುವ ಒಂದು ಏರು ಇದೆ. ಉದ್ದ ಅರವತ್ತು ಮೀಟರ್ ಇರಬಹುದು. ಬೇಸಿಗೆಯಲ್ಲಿ ಸ್ಕೂಟರ್ ಕೂಡ ಹತ್ತುತ್ತದೆ. ಜುಲೈ ಬಂತೆಂದರೆ ಅದರ ನಡುವೆ ಓರೆಯಾಗಿ ಕೊರಕಲು ಬೀಳುತ್ತದೆ. ಎಷ್ಟು ಸಲ ಕಲ್ಲು ತುಂಬಿ ಮುಚ್ಚಿದರೂ ಮುಂದಿನ ಮಳೆಗೆ ಮತ್ತೆ ಅಲ್ಲೇ. ನನ್ನ ಜಿಪ್ಸಿ ಅಲ್ಲಿಗೆ ಬಂದಾಗ ಮುಂದಿನ ಎಡ ಚಕ್ರ ಕೊರಕಲಲ್ಲಿ ತೂಗಾಡುತ್ತದೆ, ಹಿಂದಿನ ಬಲ ಚಕ್ರ ನೆಲ ಬಿಟ್ಟು ಏಳುತ್ತದೆ. ಎರಡೂ ಗಿರ್ರನೆ ಸುತ್ತುತ್ತವೆ. ಮಿಕ್ಕ ಎರಡು ಕದಲುವುದಿಲ್ಲ. ಹಿಂದೆ ಗೊಬ್ಬರದ ಮೂಟೆ ಮೇಲೆ ಕೂತ ರೈಟ್ರು (ತೋಟದ ಲೆಕ್ಕ ಬರೆಯುವವರು), "ಸಾರ್, ಇಳೀಲಾ?" ಅಂತ ಕೇಳುತ್ತಾರೆ. ಕೇಳುವಷ್ಟರಲ್ಲಿ ಇಳಿದೂ ಆಗಿರುತ್ತದೆ.

ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಇದ್ದೂ ಹೀಗೇಕೆ ಅಂದರೆ, ಜಿಪ್ಸಿಯ ಎರಡೂ ಆಕ್ಸಲ್‌ನಲ್ಲಿ ಇರುವುದು ಓಪನ್ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಗುಂಪು; ಬಾಯಿಮಾತಲ್ಲಿ ಡಿಫ್. ಅದು ಎಡ ಬಲ ಎರಡಕ್ಕೂ ಸಮಸಮ ಬಲ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಚಿಟಿಕೆಯಷ್ಟು ಬಲ ಸಾಕು. ನೆಲದ ಮೇಲಿನ ಚಕ್ರಕ್ಕೂ ಅದೇ ಚಿಟಿಕೆ ಸಿಗುತ್ತದೆ. ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಹೊಸದಲ್ಲ. ಉಳುವಾಗ ಒಂದು ಚಕ್ರ ಜಾರಿದರೆ ಡಿಫ್ ಲಾಕ್ ಪೆಡಲ್ ತುಳಿಯುತ್ತೇವೆ, ದಾಟಿದ ಮೇಲೆ ಕಾಲು ತೆಗೆಯುತ್ತೇವೆ. ಎಡ ಬಲ ಚಕ್ರಗಳನ್ನು ಹೀಗೆ ಒಟ್ಟಿಗೆ ಸುತ್ತುವಂತೆ ಹಿಡಿಯುವ ಸಾಧನವೇ ಲಾಕರ್. ಟ್ರ್ಯಾಕ್ಟರಿಗೆ ಕಂಪನಿಯವರೇ ಕೊಡುವ ಈ ಸವಲತ್ತಿಗೆ ಜೀಪಿನವರು ಲಕ್ಷ ಯಾಕೆ ಸುರಿಯಬೇಕು ಅನ್ನುವ ಹೊಟ್ಟೆಯುರಿಯಿಂದಲೇ ನನ್ನ ಪ್ರಯೋಗ ಶುರುವಾಗಿದ್ದು. ನಾಲ್ಕು ಮಳೆಗಾಲ ಹಿಡಿಯಿತು.

ಪರೀಕ್ಷೆಗೆ ಮೂರು ಜಾಗ. ಒಂದು ಈ ಏರು. ಎರಡನೆಯದು ಮೇಲಿನ ಪಟ್ಟೆಯ (ತೋಟದ ಒಂದು ಭಾಗದ) ಓರೆ ದಾರಿ: ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರಿನಲ್ಲಿ ಕಾಫಿ ಗಿಡ, ಕೆಳಗೆ ಪಾಚಿ ಹಿಡಿದ ಜೇಡಿ ಮಣ್ಣು. ಮೂರನೆಯದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಟಾರು ರಸ್ತೆ. ಮೊದಲ ಜಾಗ ನೋಡಿಯೇ ಎಲ್ಲರೂ ಲಾಕರ್ ಕೊಳ್ಳುತ್ತಾರೆ. ನಾನೂ ಹಾಗೇ ಕೊಂಡೆ. ಬುದ್ಧಿ ಕಲಿಸಿದ್ದು ಎರಡನೆಯದು.

ಮೊದಲು ಕಾಸಿಲ್ಲದ ಉಪಾಯ. ಟೈರ್ ಗಾಳಿ 26ರಿಂದ 18ಕ್ಕೆ ಇಳಿಸಿದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರ್) ಹಾಕಿ, ಆಕ್ಸಿಲರೇಟರ್ ಹದವಾಗಿ ಹಿಡಿದು, ಎಡಗಾಲಲ್ಲಿ ಬ್ರೇಕನ್ನು ಮೆತ್ತಗೆ ಒತ್ತಿದೆ. ಬ್ರೇಕ್ ಹಿಡಿದಾಗ ಗಾಳಿಯಲ್ಲಿನ ಚಕ್ರಕ್ಕೂ ಭಾರ ಬೀಳುತ್ತದೆ, ಅಷ್ಟೇ ಬಲ ಇನ್ನೊಂದಕ್ಕೂ ಹೋಗುತ್ತದೆ. ಖಾಲಿ ಗಾಡಿ ಹತ್ತಿತು. ಆರು ಮೂಟೆ ಹಾಕಿದಾಗ ಹತ್ತಲಿಲ್ಲ, ಕ್ಲಚ್ ವಾಸನೆ ಬಂತು. ಹ್ಯಾಂಡ್ ಬ್ರೇಕ್ ಎರಡು ಹಲ್ಲು ಎಳೆದು ಇದನ್ನೇ ಮಾಡುವವರೂ ಇದ್ದಾರೆ. ಆದರೆ ಹಳೇ ವಿಲ್ಲೀಸ್ ಥರದ ಜೀಪಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರಕ್ಕಲ್ಲ, ಬಲವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಶಾಫ್ಟಿಗೆ. ಅಲ್ಲಿ ಎಳೆದರೆ ಇಡೀ ಗಾಡಿಯನ್ನೇ ಹಿಡಿದಂತೆ, ಸುಮ್ನೆ ದಂಡ.

ಆಮೇಲೆ ವೆಲ್ಡಿಂಗ್. ಹಿಂದಿನ ಡಿಫ್ ಬಿಚ್ಚಿ ಒಳಗಿನ ಸ್ಟಾರ್ ಗೇರ್‌ಗಳನ್ನೇ ಒಂದಕ್ಕೊಂದು ಬೆಸೆದುಬಿಡುವುದು. ಎಣ್ಣೆ ಸೇರಿ 1,800 ರೂಪಾಯಿ. ನನ್ನ ಖಾಯಂ ಮೇಸ್ತ್ರಿ ಮೊದಲೇ, "ಅಣ್ಣ, ಬ್ಯಾಡ. ಗೇರ್ ಉಕ್ಕು ಬೇರೆ, ವೆಲ್ಡಿಂಗ್ ರಾಡು ಬೇರೆ" ಅಂದಿದ್ದರು. ನಾನು ಕೇಳಲಿಲ್ಲ. ಬೇರೆ ಗ್ಯಾರೇಜಿಗೆ ಒಯ್ದೆ.

ಏರಿನಲ್ಲಿ ಮಾತ್ರ ಅದ್ಭುತ. ಎಂಟು ಮೂಟೆ ಹಾಕಿದ್ದರೂ ಗಾಡಿ ಕೊರಕಲಲ್ಲಿ ಒಮ್ಮೆ ತೂಗಿ ಸೀದಾ ಮೇಲೆ ಹೋಯಿತು. ರೈಟ್ರು ಇಳಿಯಲೇ ಇಲ್ಲ. ಆದರೆ ತಿರುವಿನಲ್ಲಿ ಹೊರ ಚಕ್ರ ಜಾಸ್ತಿ ದೂರ ಓಡಬೇಕು, ಒಳ ಚಕ್ರ ಕಡಿಮೆ. ಬೆಸೆದ ಮೇಲೆ ಎರಡೂ ಒಂದೇ ಲೆಕ್ಕದಲ್ಲಿ ಸುತ್ತುತ್ತವೆ. ಒಂದು ಟೈರ್ ಟಾರಿನ ಮೇಲೆ ತಿಕ್ಕಿಕೊಂಡು ಹೋಗಲೇಬೇಕು. ಮೂಡಿಗೆರೆ ಪೇಟೆಯಲ್ಲಿ ಗಾಡಿ ತಿರುಗಿಸಿದರೆ ಕೀಂಯ್ ಅನ್ನುವ ಸದ್ದಿಗೆ ಜನ ತಿರುಗಿ ನೋಡುತ್ತಿದ್ದರು. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಸ್ಟೀರಿಂಗ್ ಎಳೆದರೂ ಗಾಡಿ ನೆಟ್ಟಗೆ ಹೋಗಲು ನೋಡಿತು. ಆವತ್ತೇ ಹೆದರಿದೆ. ಎರಡು ತಿಂಗಳಿಗೆ ಎಡಗಡೆ ಆಕ್ಸಲ್ ಶಾಫ್ಟ್ ಮುರಿಯಿತು. ಹೌಸಿಂಗ್ ಎಣ್ಣೆ ಇಳಿಸಿದಾಗ ವೆಲ್ಡಿಂಗಿನ ಚೂರೊಂದು ಬೆರಳಿಗೆ ಸಿಕ್ಕಿತು, ಒಡೆದ ಹಲ್ಲಿನ ಹಾಗೆ. ಕ್ರೌನ್ ಪಿನಿಯನ್ (ಡಿಫ್ ತಿರುಗಿಸುವ ದೊಡ್ಡ ಗೇರ್ ಜೋಡಿ) ಉಳಿದದ್ದು ನನ್ನ ಪುಣ್ಯ. ತೋಟ ಬಿಟ್ಟು ಹೊರಗೇ ಹೋಗದ, ನಂಬರ್ ಪ್ಲೇಟೂ ಇಲ್ಲದ ಹಳೇ ಜೀಪಾದರೆ ಬೆಸೆಯಿರಿ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಖಂಡಿತ ಬೇಡ.

ಮೂರನೆಯದು ಡ್ರಾಪ್-ಇನ್ ಲಾಕರ್. ಇದನ್ನು ಲಂಚ್‌ಬಾಕ್ಸ್ ಲಾಕರ್ ಅಂತಲೂ ಕರೆಯುತ್ತಾರೆ. ಹೊರದೇಶದಲ್ಲಿ ಜಿಪ್ಸಿಯ ಅಣ್ಣತಮ್ಮನಂಥ ಸುಜುಕಿ ಸಮುರಾಯ್‌ಗೆ ಮಾಡಿದ್ದನ್ನು ತರಿಸಿದೆ. ಸುಂಕ, ಕೊರಿಯರ್ ಸೇರಿ ಕೈಗೆ ಬರುವಾಗ 41 ಸಾವಿರ. ತರಿಸುವ ಮೊದಲು ಆಕ್ಸಲ್ ಶಾಫ್ಟಿನ ತುದಿಯ ಹಲ್ಲು ಎಣಿಸಿಕೊಳ್ಳಿ. ನನ್ನದರಲ್ಲಿ 26 ಇತ್ತು. ಇದರ ದೊಡ್ಡ ಗುಣ ಅಂದರೆ ಕ್ರೌನ್ ಪಿನಿಯನ್ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ. ಸ್ಟಾರ್ ಗೇರ್ ತೆಗೆದು ಅದೇ ಜಾಗದಲ್ಲಿ ಇದನ್ನು ಕೂರಿಸುವುದು, ಎರಡು ಭಾಗದ ನಡುವಿನ ಸಂದು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡುವುದು, ಅಷ್ಟೇ. ಮೇಸ್ತ್ರಿ ನಮ್ಮ ಕಣದಲ್ಲೇ ಕೂತು ಮಾಡಿದರು. ಒಳಗಿನ ಪಿನ್ನಿಗೆ ಹಾಕುವ ಸ್ಪ್ರಿಂಗ್ ಒಂದು ಕೈಜಾರಿ ಹಾರಿ ಒಣಹಾಕಿದ್ದ ರೋಬಸ್ಟಾ ಒಳಗೆ ಬಿತ್ತು. ಪೆನ್ನಿನ ಸ್ಪ್ರಿಂಗ್‌ಗಿಂತ ಸಣ್ಣದು. ಅರ್ಧ ಗಂಟೆ ಹುಡುಕಿ, ಕೊನೆಗೆ ಹಳೇ ಸ್ಪೀಕರಿನ ಆಯಸ್ಕಾಂತ ಕಾಫಿ ಮೇಲೆ ಆಡಿಸಿ ಹಿಡಿದೆವು.

ಇದು ಮಾಮೂಲಿಯಾಗಿ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಹೊರ ಚಕ್ರ ಮುಂದೆ ಓಡಲು ನೋಡಿದಾಗ ಹಲ್ಲು ಬಿಟ್ಟು ಟಕಟಕ ಅಂತ ಜಾರಿಕೊಡುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಿರೋ, ಢಬ್ ಅಂತ ಹಿಡಿದುಕೊಳ್ಳುತ್ತದೆ. ಜಿಪ್ಸಿ ಗಿಡ್ಡ ಗಾಡಿ, ಹಗುರ ಬೇರೆ. ಆಕ್ಸಿಲರೇಟರ್ ಬಿಟ್ಟರೆ ಬಾಲ ಒಂದು ಕಡೆ ಎಳೆಯುವುದು, ಒತ್ತಿದರೆ ಇನ್ನೊಂದು ಕಡೆ. ಒಂದು ವಾರದಲ್ಲಿ ನನಗೆ ರೂಢಿಯಾಯಿತು. ಮನೆಯವಳು ಮಾತ್ರ ಒಂದು ದಿನ ಓಡಿಸಿ, "ನಿಮ್ಮ ಗಾಡಿ ನೀವೇ ಇಟ್ಕೊಳಿ" ಅಂತ ಕೀ ಮೊಳೆಗೆ ಹಾಕಿದಳು.

ಏರಿನಲ್ಲಿ ವೆಲ್ಡಿಂಗಿನಷ್ಟೇ ಜೋರು. ಸರಿ, ಮುಗಿಯಿತು ಅಂದುಕೊಂಡೆ.

ಆಗಸ್ಟಿನಲ್ಲಿ ಮೇಲಿನ ಪಟ್ಟೆಗೆ ಹೋದೆ. ಓರೆ ದಾರಿಯಲ್ಲಿ ನಡಿಗೆ ವೇಗ, ಸೆಕೆಂಡ್ ಗೇರ್. ಏನೂ ಮಾಡದೆ ಗಾಡಿಯ ಹಿಂಭಾಗ ಮೆಲ್ಲಗೆ ಕೆಳಕ್ಕೆ ಸರಿಯಿತು. ಬೆಣ್ಣೆ ಹಚ್ಚಿದ ತಟ್ಟೆ ಓರೆ ಮಾಡಿದ ಹಾಗೆ, ಸದ್ದೇ ಇಲ್ಲ. ಒಂದು ಸಿಲ್ವರ್ ಓಕ್ ಮರಕ್ಕೆ ಬಂಪರ್ ತಾಗಿ ನಿಂತಿತು. ಮರ ಇಲ್ಲದಿದ್ದರೆ ಹತ್ತು ಗಿಡ ದಾಟಿ ಹಳ್ಳ. ಇಳಿದು ಕಾಲೂರಿದೆ, ನನ್ನ ಬೂಟೂ ಜಾರಿತು.

ಕಾರಣ ಸರಳ. ಓಪನ್ ಡಿಫ್‌ನಲ್ಲಿ ಒಂದು ಚಕ್ರ ಜಾರಿ ಸುತ್ತುವಾಗ ಇನ್ನೊಂದು ಸುಮ್ಮನೆ ನೆಲ ಕಚ್ಚಿ ನಿಂತಿರುತ್ತದೆ. ಗಾಡಿ ಅಡ್ಡಕ್ಕೆ ಜಾರದಂತೆ ಹಿಡಿಯುವುದು ಆ ಸೋಮಾರಿ ಚಕ್ರವೇ. ಲಾಕ್ ಆದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಒಟ್ಟಿಗೆ ಹಿಡಿತ ಬಿಡುತ್ತವೆ. ಇಳಿಜಾರು ಯಾವ ಕಡೆಗೋ ಗಾಡಿ ಆ ಕಡೆಗೆ. ಒಣ ಬಂಡೆಯ ಊರಲ್ಲಿ ಇದು ಅಷ್ಟು ಕಾಡುವುದಿಲ್ಲವೇನೋ. ನಮ್ಮಲ್ಲಿ ದಾರಿಗಳೆಲ್ಲ ಗುಡ್ಡದ ಸೊಂಟಕ್ಕೆ ಕಡಿದವು, ನಾಲ್ಕು ತಿಂಗಳು ಪಾಚಿ. ಅಂದಿನಿಂದ ನನ್ನ ಲೆಕ್ಕ ತಿರುಗಿತು. ಲಾಕ್ ಮಾಡುವುದಕ್ಕೆ 1,800 ರೂಪಾಯಿ ಸಾಕು. ದುಡ್ಡು ಕೊಡಬೇಕಾದದ್ದು ಬಿಡಿಸುವುದಕ್ಕೆ.

ಈ ಕಣ್ಣಲ್ಲಿ ಬೇರೆಯವರ ಗಾಡಿಗಳನ್ನೂ ಓಡಿಸಿ ನೋಡಿದೆ. ಭಾವನ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಕಂಪನಿಯಿಂದಲೇ ಬಂದ ಈಟನ್ ಮೆಕ್ಯಾನಿಕಲ್ ಲಾಕರ್ ಇದೆ. ಥಾರ್‌ಗೆ ಇದು ಬಂದದ್ದು 2015ರ ಮಾಡೆಲ್‌ನಿಂದ. ಎರಡು ಚಕ್ರದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ತೂಕದ ಗುಂಡುಗಳು ಅಗಲಿ ಕೊಕ್ಕೆಗೆ ಸಿಕ್ಕಿ ತಾನೇ ಲಾಕ್ ಆಗುತ್ತದೆ. ವೇಗ ಮೂವತ್ತರ ಆಸುಪಾಸು ದಾಟಿದರೆ ಲಾಕ್ ಆಗುವುದಿಲ್ಲ, ಹಾಗಾಗಿ ಚಾರ್ಮಾಡಿಯಲ್ಲಿ ಇದು ಇದೆ ಅನ್ನುವುದೇ ಗೊತ್ತಾಗಲಿಲ್ಲ. ಏರಿನಲ್ಲಿ ನಾನು ಅಭ್ಯಾಸದಂತೆ ಮೆಲ್ಲಗೆ ಹತ್ತಿಸಲು ಹೋದೆ. ಚಕ್ರ ನಿಧಾನ ಸುತ್ತಿತೇ ಹೊರತು ಲಾಕರ್ ಏಳಲಿಲ್ಲ. "ಒತ್ತು ಮಾರಾಯ, ಅದು ಏಟು ಕೊಟ್ರೇ ಕೆಲ್ಸ ಮಾಡೋದು" ಅಂದರು ಭಾವ. ಒತ್ತಿದೆ. ಢಣ್ ಅಂತು, ಹತ್ತಿತು. ಲೆಕ್ಕ ಹಾಕಿದರೆ ಆ ಸೈಜಿನ ಟೈರ್ ಸುತ್ತಳತೆ ಎರಡೂಕಾಲು ಮೀಟರ್ ಮೇಲೆ. ಒಂದು ಚಕ್ರ ನಿಂತಿದ್ದರೆ ಇನ್ನೊಂದು ಗಂಟೆಗೆ ಹದಿನಾಲ್ಕು ಕಿಲೋಮೀಟರ್ ವೇಗದಲ್ಲಿ ಸುತ್ತಬೇಕು. ಅಷ್ಟರೊಳಗೆ ಮೆತ್ತನೆ ಮಣ್ಣಲ್ಲಿ ಗುಂಡಿ ತೋಡಿಯೇ ತೋಡುತ್ತದೆ. ಓರೆ ದಾರಿಯಲ್ಲಿ ಮೆಲ್ಲಗೆ ಹೋದಷ್ಟು ಹೊತ್ತು ಓಪನ್ ಆಗಿಯೇ ಇತ್ತು, ಜಾರಲಿಲ್ಲ. ಗಾಡಿಯನ್ನೇ ಹೊಸದಾಗಿ ಕೊಳ್ಳುವವರು ಇದಿರುವ ಸೆಕೆಂಡ್ ಹ್ಯಾಂಡ್ ಥಾರ್ ಹುಡುಕುವುದೇ ಜಾಣತನ. ಜಿಪ್ಸಿ ಇರುವವರಿಗೆ ಉಪಯೋಗವಿಲ್ಲ.

ಸಕಲೇಶಪುರದ ಗೆಳೆಯನದು ಏರ್ ಲಾಕರ್. ಗುಂಡಿ ಒತ್ತಿದರೆ ಕಂಪ್ರೆಸರ್ ಗಾಳಿ ತಳ್ಳಿ ಲಾಕ್, ಮತ್ತೆ ಒತ್ತಿದರೆ ಓಪನ್. ಮೂರೂ ಜಾಗದಲ್ಲಿ ಇದಕ್ಕೆ ಸಾಟಿಯಿಲ್ಲ. ಟೈರಿಗೂ ಅದೇ ಕಂಪ್ರೆಸರಿನಿಂದ ಗಾಳಿ ಹಿಡಿಯಬಹುದು. ಅವನಿಗೆ ಬಿದ್ದ ಖರ್ಚು ಒಂದೂಮುಕ್ಕಾಲು ಲಕ್ಷದ ಹತ್ತಿರ. ಇಲ್ಲಿ ಕ್ರೌನ್ ಪಿನಿಯನ್ ಪೂರ್ತಿ ಬಿಚ್ಚಿ ಡಯಲ್ ಗೇಜ್ ಇಟ್ಟು ಮತ್ತೆ ಸೆಟ್ ಮಾಡಬೇಕು, ಅದಕ್ಕೆ ಪಳಗಿದ ಕೈ ಬೇಕು. ಗಾಳಿಯ ಪೈಪು ತೀರಾ ತಗ್ಗಿನಲ್ಲಿ ಎಳೆದಿದ್ದರಿಂದ ಒಮ್ಮೆ ಬೇಲಿ ಗೂಟಕ್ಕೆ ಸಿಕ್ಕಿ ಹರಿದು, ಬೇಕಾದ ಹೊತ್ತಿಗೇ ಕೈಕೊಟ್ಟಿತ್ತು. ಫೋರ್ಸ್ ಕಂಪನಿಯ ಗೂರ್ಖಾ ಗಾಡಿಯಲ್ಲಿ ಹಿಂದೆ ಮುಂದೆ ಎರಡೂ ಡಿಫ್ ಲಾಕ್ ಮಾಡಲು ಕೈಯಲ್ಲಿ ಎಳೆಯುವ ಲಿವರ್ ಕಂಪನಿಯಿಂದಲೇ ಬರುತ್ತದೆ. ಒಮ್ಮೆ ಓಡಿಸಿದೆ, ಟ್ರ್ಯಾಕ್ಟರ್ ಪೆಡಲ್ ನೆನಪಾಗಿ ಖುಷಿಯಾಯಿತು. ಮಾರುತಿಯ ಜಿಮ್ನಿ ಗಾಡಿಯಲ್ಲಿ ಲಾಕರ್ ಇಲ್ಲ. ನಾನು ಎಡಗಾಲಲ್ಲಿ ಮಾಡಿದ್ದನ್ನೇ ಕಂಪ್ಯೂಟರ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಿಡಿದು ಮಾಡುತ್ತದೆ, ನನಗಿಂತ ಚೆನ್ನಾಗಿ.

ನನ್ನ ಜೇಬಿಗೆ ಉಳಿದ ದಾರಿ ಒಂದೇ. ಹಿಂದಿದ್ದ ಡ್ರಾಪ್-ಇನ್ ಲಾಕರ್ ಬಿಚ್ಚಿ ಮುಂದಿನ ಡಿಫ್‌ಗೆ ಹಾಕಿಸಿದೆ. ಹಿಂದಕ್ಕೆ ಹಳೇ ಸ್ಟಾರ್ ಗೇರ್ ವಾಪಸ್. ಕೂಲಿ, ಎಣ್ಣೆ, ಸೀಲು ಸೇರಿ ಮತ್ತೆ ಐದು ಸಾವಿರ. ನನ್ನ ಗಾಡಿಯ ಮುಂದಿನ ಹಬ್, ಅಂದರೆ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ ಬಿಡಿಸುವ ಕೊಂಡಿ, ಕೈಯಲ್ಲಿ ತಿರುಗಿಸುವಂಥದ್ದು. ಹಬ್ ಫ್ರೀ ಮಾಡಿದರೆ ಮುಂದೆ ಲಾಕರ್ ಇದ್ದೂ ಇಲ್ಲದಂತೆ. ಟಾರಿನ ಮೇಲೆ ಟಕಟಕ ಇಲ್ಲ, ಬಾಲ ಎಳೆಯುವುದಿಲ್ಲ. ಮನೆಯವಳು ಕೀ ಮತ್ತೆ ಮೊಳೆಯಿಂದ ತೆಗೆದಳು. ಓರೆ ದಾರಿ ಬಂದರೆ ಹಬ್ ಫ್ರೀ ಮಾಡಿ ಫೋರ್ ಲೋ ಹಾಕುತ್ತೇನೆ. ಹಿಂದಿನ ಚಕ್ರಕ್ಕಷ್ಟೇ ನಿಧಾನದ ಗೇರ್ ಸಿಗುತ್ತದೆ, ಅದೂ ಓಪನ್.

ಕೊರತೆ ಇದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ ಮುಂದಿನ ಲಾಕರ್ ಹಿಂದಿನದರಷ್ಟು ಎಳೆಯುವುದಿಲ್ಲ. ಎಂಟು ಮೂಟೆ ಹತ್ತುತ್ತಿದ್ದದ್ದು ಈಗ ಆರು. ಲಾಕ್ ಇದ್ದಾಗ ಸ್ಟೀರಿಂಗ್ ಕಲ್ಲು. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಜಾಯಿಂಟ್ ಮುರಿಯುತ್ತದೆ ಅಂತ ಮೇಸ್ತ್ರಿ ದಿನಾ ಹೇಳುತ್ತಾರೆ. ಈ ಸಲ ಅವರ ಮಾತು ಕೇಳುತ್ತಿದ್ದೇನೆ. ಹಬ್ ತಿರುಗಿಸಲು ಮಳೆಯಲ್ಲಿ ಎರಡೂ ಕಡೆ ಇಳಿಯಬೇಕು. ಕಳೆದ ವಾರ ಕೊಪ್ಪೆ ಹಾಕಿಕೊಂಡು ಬಗ್ಗಿದ್ದಾಗ ರೈಟ್ರು ಮೂಟೆ ಮೇಲಿಂದಲೇ ಕೇಳಿದರು, "ಸಾರ್, ಈಗ ನೀವು ಇಳಿಯೋದಾ?"